ಗಡಿಗೆಯಲ್ಲಿ ಕೂತ ಜ್ಯೂಸ್ ದೇವರು

ಒಂದು ಹೊಸ ಗಡಿಗೆ ತಗೋಬೇಕು, ಎರಡು ಹಿಡಿ ಇರಬೇಕು, ಮುಚ್ಚಳ ಇರಬೇಕು. ಹಿಡಿಗಳಿಗೆ ಬಿಳಿ ಉಣ್ಣೆ ಸುತ್ತಿ, ಒಳಗೆ ಶುದ್ಧ ನೀರು, ಆಲಿವ್ ಎಣ್ಣೆ, ಬಗೆಬಗೆಯ ಹಣ್ಣು-ಕಾಳು ಹಾಕಬೇಕು. ಮನೆಯಲ್ಲಿ ಗ್ರೀಕರ ದೇವರಾಜ ಜ್ಯೂಸ್‌ನ ಒಂದು ರೂಪವಾದ, ಸೊತ್ತು ಕಾಯುವ ಜ್ಯೂಸ್ ಕ್ಟೇಸಿಯೋಸ್‌ನನ್ನು ಸ್ಥಾಪಿಸುವ ಈ ಕ್ರಮ ನಮಗೆ ಹಳೆಯ ಗ್ರೀಕ್ ಲೇಖಕ ಅಥಿನೇಯಸ್‌ನ ಬರಹದಲ್ಲಿ ಉಳಿದು ಬಂದಿದೆ. ಗ್ರೀಕ್ ಧರ್ಮದ ಪಾಠವನ್ನು ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಸಿಡಿಲು ಹಿಡಿದ ಜ್ಯೂಸ್ ಎಲ್ಲರಿಗೂ ಗೊತ್ತು, ಉಗ್ರಾಣ ಕಾಯುವ ಈ ಜ್ಯೂಸ್ ಯಾರಿಗೂ ಗೊತ್ತಿಲ್ಲ. ಮನೆಯ ದವಸ, ಎಣ್ಣೆ, ದ್ರಾಕ್ಷಾರಸ ಕರಗದ ಹಾಗೆ ನೋಡಿಕೊಳ್ಳುವುದು ಇವನ ಕೆಲಸ. ಥೆಸ್ಪಿಯೆ ಊರಿನ ಒಂದು ಕಲ್ಲಿನ ಮೇಲೆ ಇವನ ಹೆಸರಿದೆ, ಚಿತ್ರ ಮಾತ್ರ ಹಾವಿನದು.

ಹಾವು ಅಂದ ಕೂಡಲೇ 'ನಮ್ಮ ನಾಗಪ್ಪನೇ ಅಲ್ವಾ?' ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಹೋಲಿಕೆ ಕಾಣುತ್ತದೆ ನಿಜ, ಆದರೆ ಸುಮ್ನೆ ಒಂದರಿಂದ ಇನ್ನೊಂದು ಬಂತು ಅನ್ನಬಾರದು. ಅಲ್ಲಿನ ಹಾವನ್ನು ಅಲ್ಲಿನ ಮನೆಯೊಳಗೇ ನೋಡಬೇಕು.

ಅಗಾಥೋಸ್ ಡೈಮೋನ್, ಅಂದರೆ 'ಒಳ್ಳೆಯ ದೈವ', ಕೂಡ ಹಾವಿನ ರೂಪದವನೇ. ಊಟ ಮುಗಿದ ಮೇಲೆ ನೀರು ಬೆರೆಸದ ದ್ರಾಕ್ಷಾರಸವನ್ನು ಅವನ ಹೆಸರಿನಲ್ಲಿ ಒಂದು ಗುಟುಕು ಕುಡಿಯುತ್ತಿದ್ದರು. ಗ್ರೀಕರು ಸಾಮಾನ್ಯವಾಗಿ ನೀರು ಬೆರೆಸಿಯೇ ಕುಡಿಯುತ್ತಿದ್ದ ಜನ, ಹಾಗಾಗಿ ಆ ಒಂದು ಗುಟುಕಿಗೆ ಬೆಲೆ ಜಾಸ್ತಿ. ತಿಂಗಳ ಎರಡನೇ ದಿನವೂ ಅವನದೇ. ಅಲೆಕ್ಸಾಂಡ್ರಿಯಾದಲ್ಲಂತೂ ಮನೆಗೆ ಬರುವ ಇಂಥ ಹಾವುಗಳಿಗೆ ಗೋಧಿ ಗಂಜಿ ಇಡುತ್ತಿದ್ದರಂತೆ.

ಸುಗ್ಗಿಯ ಕಡೆ ಬಂದರೆ ಪ್ಲೂಟೋಸ್ ಇದ್ದಾನೆ, ಸಿರಿಯ ದೇವರು. ಕ್ರೀಟ್ ದ್ವೀಪದಲ್ಲಿ ಮೂರು ಸಲ ಉತ್ತ ಹೊಲದಲ್ಲಿ ಬೆಳೆಯ ದೇವತೆ ಡಿಮೀಟರ್ ಇವನನ್ನು ಬಸಿರಾದಳು ಎನ್ನುತ್ತಾನೆ ಹಳೆಯ ಗ್ರೀಕ್ ಕವಿ ಹೆಸಿಯಡ್. ಸಿರಿ ಅಂದರೆ ಮೊದಲಿಗೆ ಕಣಜದ ಕಾಳು, ಆಮೇಲೆ ಮಿಕ್ಕಿದ್ದೆಲ್ಲ. ನನಗೆ ಬಹಳ ಇಷ್ಟವಾದ ಕಥೆ ಇದು.

ಆದರೆ ಇವರ ಒಳ್ಳೆಯತನ ಯಾರಿಗೆ? ಕ್ರಿ.ಪೂ. 4ನೇ ಶತಮಾನದಲ್ಲಿ ಅಥೆನ್ಸಿನ ಕೋರ್ಟಿಗೆ ಒಂದು ಆಸ್ತಿ ಜಗಳ ಬಂತು. ಆಸ್ತಿ ಕೇಳಿ ಬಂದವನು ಹೇಳಿದ್ದು ಹೀಗೆ: ಅಜ್ಜ ಕಿರೋನ್ ಕ್ಟೇಸಿಯೋಸ್‌ನ ಪೂಜೆಗೆ ಆಳುಗಳನ್ನಾಗಲಿ ಹೊರಗಿನವರನ್ನಾಗಲಿ ಸೇರಿಸುತ್ತಿರಲಿಲ್ಲ, ಎಲ್ಲವನ್ನೂ ತಾನೇ ಮಾಡುತ್ತಿದ್ದ, ನಮ್ಮನ್ನು ಮಾತ್ರ ಜೊತೆಗೆ ಕೂರಿಸಿಕೊಂಡು ನಮಗೆ ಆರೋಗ್ಯ, ಆಸ್ತಿ ಕೊಡು ಅಂತ ಬೇಡುತ್ತಿದ್ದ, ಹಾಗಾಗಿ ನಾವು ಅವನ ಸ್ವಂತ ಮೊಮ್ಮಕ್ಕಳು ಅನ್ನುವುದೇ ವಾದ. ಪೂಜೆಯೇ ಸಾಕ್ಷಿ! ಇದರ ಜೊತೆಗೆ ಕ್ರಿ.ಪೂ. 458ರಲ್ಲಿ ಈಸ್ಕಿಲಸ್ ಆಡಿಸಿದ 'ಅಗಮೆಮ್ನಾನ್' ನಾಟಕ ಓದಿ. ಟ್ರಾಯ್‌ನಿಂದ ಸೆರೆ ಹಿಡಿದು ತಂದ ರಾಜಕುಮಾರಿ ಕಸಾಂಡ್ರಾಗೆ, ಒಳಗೆ ಬಾ, ಉಳಿದ ದಾಸಿಯರ ಜೊತೆ ಕ್ಟೇಸಿಯೋಸ್‌ನ ಬಲಿಪೀಠದ ಹತ್ತಿರ ನಿಲ್ಲು ಅನ್ನುತ್ತಾಳೆ ಮನೆಯೊಡತಿ ಕ್ಲೈಟೆಮ್ನೆಸ್ಟ್ರಾ. ಮನೆಯ ಸೊತ್ತು ಕಾಯುವ ದೇವರ ಮುಂದೆ ಅವಳೂ ಒಂದು ಸೊತ್ತು. ಈ ಎರಡನ್ನೂ ಒಟ್ಟಿಗೆ ಓದಿಸದೆ ಕ್ಟೇಸಿಯೋಸ್‌ನನ್ನು ಕರುಣಾಮಯಿ ಅಂತ ಕರೆಯಲು ನಾನು ವಿದ್ಯಾರ್ಥಿಗಳನ್ನು ಬಿಡುವುದಿಲ್ಲ.