ಚೀನಾದ ಗಿಡಗಳನ್ನು ಕೊಲ್ಲುವುದು ಚಳಿಯಲ್ಲ

ಚಳಿದೇಶಗಳಲ್ಲಿ ಮನೆ ಮಾಡಿ ಹಿತ್ತಲು ಕಟ್ಟುವ ಕನ್ನಡಿಗರು ನರ್ಸರಿಯಲ್ಲಿ ಮೊದಲು ಕೇಳುವುದು, ಗಿಡ ಎಷ್ಟು ಚಳಿ ತಡೆಯುತ್ತದೆ ಎಂದು. ಚೀನಾದ ಹುಬೆ, ಸಿಚುವಾನ್ ಪ್ರಾಂತ್ಯಗಳ ಬೆಟ್ಟಗಳಿಂದ ಬಂದ ಡೇವಿಡಿಯಾ ಮರ, ಏಸರ್ ಗ್ರಿಸಿಯಂ ಎಂಬ ಮೇಪಲ್, ವಿಚ್ ಹೇಜಲ್ ಪೊದೆಗಳ ಮಟ್ಟಿಗೆ ಆ ಪ್ರಶ್ನೆ ಬೇಡ. ಮೈನಸ್ 20 ಡಿಗ್ರಿಯ ಆಸುಪಾಸಿನಲ್ಲೂ ಇವು ಬದುಕುತ್ತವೆ. ಸಾಯುವುದು ಆಳವಾಗಿ ನೆಟ್ಟಾಗ, ಬುಡದಲ್ಲಿ ನೀರು ನಿಂತಾಗ.

ಗುಂಡಿ ಬೇರಿನ ಮುದ್ದೆಗಿಂತ ಎರಡು-ಮೂರು ಪಟ್ಟು ಅಗಲವಿರಲಿ, ಆಳ ಮಾತ್ರ ಮುದ್ದೆಯಷ್ಟೇ. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ನೆಲಮಟ್ಟದಲ್ಲಿ ಕಣ್ಣಿಗೆ ಕಾಣಬೇಕು. ಕುಂಡದ ಮಣ್ಣಿನಲ್ಲಿ ಅದು ಹೂತುಹೋಗಿರುವುದೇ ಹೆಚ್ಚು. ಮೇಲ್ಮಣ್ಣು ಕೆದರಿ ಹುಡುಕಿ. ಗುಂಡಿಗೆ ಗೊಬ್ಬರ ತುಂಬಬೇಡಿ: ಅದು ಕೊಳೆತು ಕುಸಿದಾಗ ಗಿಡವೂ ಕುಸಿಯುತ್ತದೆ, ಜೇಡಿಮಣ್ಣಿನಲ್ಲಾದರೆ ಗುಂಡಿ ಬಾವಿಯಾಗುತ್ತದೆ. ತೆಗೆದ ಮಣ್ಣನ್ನೇ ತುಂಬಿ, ಮೇಲೆ 5ರಿಂದ 7 ಸೆಂ.ಮೀ. ಎಲೆಗೊಬ್ಬರ ಹೊದಿಸಿ, ಕಾಂಡದ ಸುತ್ತ ಒಂದು ಗೇಣು ಬಿಡಿ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ನಿಧಾನವಾಗಿ ಇಳಿಯಲಿ.

ಇನ್ನೊಂದು ಪೆಟ್ಟು ಏಪ್ರಿಲ್-ಮೇ ತಿಂಗಳಿನದು. ನಾಲ್ಕು ದಿನ ಬಿಸಿಲು ಕಂಡು ಚಿಗುರಿದ ಮೇಲೆ ಒಂದೇ ರಾತ್ರಿ ಫ್ರಾಸ್ಟ್ (ಹೆಪ್ಪುಗಟ್ಟುವ ಇಬ್ಬನಿ) ಬಿದ್ದರೆ ಎಲೆ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬೀಳುತ್ತದೆ. ತಣ್ಣನೆಯ ಗಾಳಿ ನೀರಿನ ಹಾಗೆ ಇಳಿಜಾರಿನ ತಳಕ್ಕೆ ಹರಿದು ನಿಲ್ಲುವುದರಿಂದ ತಗ್ಗಿನಲ್ಲಿ ನೆಡಬೇಡಿ. ಕಪ್ಪಾದ ಚಿಗುರು ನೋಡಿ ಕೂಡಲೇ ಕತ್ತರಿ ಹಿಡಿಯುವುದೂ ತಪ್ಪು. ಜೂನ್ ಹೊತ್ತಿಗೆ ಕೆಳಗಿನ ಮೊಗ್ಗು ಒಡೆಯುತ್ತದೆ, ಒಣಗಿದ್ದು ಎಲ್ಲಿಯವರೆಗೆ ಎಂದು ಆಗ ಕಂಡು ಕತ್ತರಿಸಿ.

ಇವುಗಳಲ್ಲಿ ನನಗೆ ಡೇವಿಡಿಯಾಕ್ಕೆ ಸಮನಾದ ಮರವಿಲ್ಲ. ಮೇ ತಿಂಗಳಲ್ಲಿ ಗುಂಡಗಿನ ಹೂಗುಚ್ಛದ ಎರಡು ಕಡೆ ಎರಡು ಬಿಳಿ ಹಾಳೆ, ಒಂದು ಅಂಗೈಗಿಂತ ಉದ್ದ, ಇನ್ನೊಂದು ಗಿಡ್ಡ. ಗಾಳಿಗೆ ಕರವಸ್ತ್ರ ಒಣಹಾಕಿದಂತೆ ಆಡುತ್ತವೆ. ಫ್ರೆಂಚ್ ಪಾದ್ರಿ ಅರ್ಮಾಂ ದವೀದ್ ಇದನ್ನು 1869ರಲ್ಲಿ ಕಂಡರು. ಇದರ ಬೀಜಕ್ಕೆಂದೇ ಇಂಗ್ಲೆಂಡಿನ ವೀಚ್ ನರ್ಸರಿ 1899ರಲ್ಲಿ ಗಿಡ ಸಂಗ್ರಾಹಕ ಅರ್ನೆಸ್ಟ್ ವಿಲ್ಸನ್‌ರನ್ನು ಚೀನಾಕ್ಕೆ ಕಳಿಸಿತು. ಚೀನಾದಲ್ಲಿದ್ದ ಐರಿಷ್ ಸಸ್ಯ ಸಂಗ್ರಾಹಕ ಆಗಸ್ಟೀನ್ ಹೆನ್ರಿ ಗುರುತು ಹೇಳಿದ್ದ ಮರದ ಬಳಿ ವಿಲ್ಸನ್ ತಲುಪುವಷ್ಟರಲ್ಲಿ ಅದನ್ನು ಕಡಿದು ಮನೆ ಕಟ್ಟಿದ್ದರು, ಉಳಿದಿದ್ದದ್ದು ಬೊಡ್ಡೆ. ಮುಂದೆ ಬೇರೆ ಮರಗಳು ಸಿಕ್ಕವು.

ಡೇವಿಡಿಯಾವನ್ನು ಬೀಜದಿಂದ ಬೆಳೆಸುವವರು ಸೋಲುವುದು ಅವಸರಕ್ಕೆ. ಕಲ್ಲಿನಂಥ ಓಟೆಯೊಳಗೆ ನಾಲ್ಕೈದು ಬೀಜ. ಅವಕ್ಕೆ ಮೊದಲು ಬೆಚ್ಚಗಿನ ತೇವದಲ್ಲಿ ನಾಲ್ಕೈದು ತಿಂಗಳು, ಆಮೇಲೆ ಫ್ರಿಜ್ಜಿನ ತಂಪಿನಲ್ಲಿ ಮೂರು ತಿಂಗಳು ಬೇಕು. ಮೊದಲ ಬೇಸಿಗೆ ಮೊಳೆಯಲಿಲ್ಲವೆಂದು ಕುಂಡ ಸುರಿಯಬೇಡಿ. ಹೂವಿಗೆ 10ರಿಂದ 20 ವರ್ಷ ಕಾಯಬೇಕು. ಕಾಯಲಾಗದವರಿಗೆ 'ಸೊನೋಮಾ' ತಳಿಯ ಕಸಿಗಿಡ ಎರಡು-ಮೂರು ವರ್ಷಕ್ಕೇ ಹೂ ಕೊಡುತ್ತದೆ.

ದಾಲ್ಚಿನ್ನಿ ಬಣ್ಣದ ತೊಗಟೆ ಸುರುಳಿಯಾಗಿ ಸುಲಿಯುವ ಏಸರ್ ಗ್ರಿಸಿಯಂ ದುಬಾರಿಯಾಗಿರುವುದಕ್ಕೆ ಕಾರಣ ಬೀಜಗಳಲ್ಲಿ ಬಹುಪಾಲು ಜೊಳ್ಳು. ಕೆಲವನ್ನು ಕತ್ತರಿಸಿ ತಿರುಳು ನೋಡಿಯೇ ಬಿತ್ತಿ. ಬೆಂಗಳೂರಿಗೆ ಇವುಗಳ ಬೀಜ ತರುವ ಆಸೆ ಬೇಡ, ಅಲ್ಲಿ ಚಳಿಗಾಲದ ನಿದ್ದೆ ಸಿಗುವುದಿಲ್ಲ. ಚೀನಾದ್ದೇ ಬೇಕೆಂದರೆ ಕ್ರೇಪ್ ಮರ್ಟಲ್ ಎನ್ನುವ ಲಾಗರ್‌ಸ್ಟ್ರೋಮಿಯಾ ಇಂಡಿಕಾ ಇದೆ. ಹೆಸರಿನಲ್ಲಿ ಇಂಡಿಯಾ ಇದ್ದರೂ ಚೀನಾ ಕಡೆಯ ಗಿಡ, ಬೆಂಗಳೂರಿನಲ್ಲಿ ಸೊಗಸಾಗಿ ಹೂ ಬಿಡುತ್ತದೆ.

ಚೀನಾದ ವಿಚ್ ಹೇಜಲ್, ಹಮಾಮೆಲಿಸ್ ಮಾಲಿಸ್, ಜನವರಿಯಲ್ಲಿ ಎಲೆಯಿಲ್ಲದ ಕೊಂಬೆಯ ಮೇಲೆ ಹಳದಿ ಎಳೆಗಳ ಹೂ ಬಿಟ್ಟು ಘಮಘಮಿಸುತ್ತದೆ. ಆದರೆ ಅಂಗಡಿಯ ಕಸಿಗಿಡಕ್ಕೆ ಬುಡ ಸಾಮಾನ್ಯವಾಗಿ ಅಮೆರಿಕದ ವಿಚ್ ಹೇಜಲ್ ಆದ ವರ್ಜೀನಿಯಾನಾ ಜಾತಿಯದು. ಕಸಿಗಂಟಿನ ಕೆಳಗಿಂದ ಆ ಬುಡ ಚಿಗುರಿ ಮೇಲಿನ ಗಿಡವನ್ನೇ ನುಂಗುತ್ತದೆ. ಎಲೆಯ ಹಿಂಬದಿ ಬೆರಳಿಗೆ ಮಕಮಲ್ಲಿನಂತಿದ್ದರೆ ಮಾಲಿಸ್. ತೆಳ್ಳಗೆ, ಬೋಳಾಗಿದ್ದರೆ ಬುಡದ ಚಿಗುರು. ಅದು ಹೂ ಬಿಡುವುದೂ ಶರತ್ಕಾಲದಲ್ಲಿ. ಜೂನ್‌ನಲ್ಲಿ ಎಳೆಯದಿರುವಾಗಲೇ ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಕಿತ್ತುಹಾಕಿ. ಕತ್ತರಿಯಿಂದ ಕತ್ತರಿಸಿದರೆ ಉಳಿದ ಮೋಟಿನಿಂದ ಒಂದರ ಬದಲು ನಾಲ್ಕು ಬರುತ್ತವೆ.