ಹೇಳಿದ್ದನ್ನೇ ಮತ್ತೆ ಹೇಳಿದರೆ ತಪ್ಪಾ?

ಪ್ರಶ್ನೆ: ನಮ್ಮ ಶಾಲೆಯ ಅಟೆಂಡರ್ ಒಬ್ಬರು ನಿವೃತ್ತರಾಗುತ್ತಿದ್ದಾರೆ. ಬೀಳ್ಕೊಡುಗೆಯಲ್ಲಿ ನಾನು ಐದು ನಿಮಿಷ ಮಾತಾಡಬೇಕು. ಬರೆದಿದ್ದನ್ನು ಸಹೋದ್ಯೋಗಿಗೆ ತೋರಿಸಿದೆ. "ಒಂದೇ ಮಾತು ಮೂರು ಸಲ ಬಂದಿದೆ, ತೆಗೀರಿ" ಅಂದರು. ಆದರೆ ದೊಡ್ಡ ದೊಡ್ಡ ಭಾಷಣಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುತ್ತಲ್ಲ? ಅವರಿಗೊಂದು ನ್ಯಾಯ, ನಮಗೊಂದು ನ್ಯಾಯವಾ?

ಉತ್ತರ: ತೆಗೀಬೇಡಿ. ಇದನ್ನು ಓದಿ ಮುಗಿಸೋ ತನಕವಾದ್ರೂ ತೆಗೀಬೇಡಿ.

ಅಂದಹಾಗೆ, ನಿಮ್ಮ ಪ್ರಶ್ನೆಯನ್ನೇ ಇನ್ನೊಂದು ಸಲ ನೋಡಿ. ‘ದೊಡ್ಡ ದೊಡ್ಡ’ ಇದೆ. ‘ಮತ್ತೆ ಮತ್ತೆ’ ಇದೆ. ಕೊನೆಗೆ ‘ಅವರಿಗೊಂದು ನ್ಯಾಯ, ನಮಗೊಂದು ನ್ಯಾಯ’ ಅಂತ ಬೇರೆ ಕೇಳಿದ್ದೀರಿ. ಸಿಟ್ಟು ಬಂದಾಗ ನಿಮ್ಮ ಬಾಯಿಂದ ತಾನಾಗೇ ಬಂದದ್ದು ಇದೇ ಪುನರಾವರ್ತನೆ. ಶಾಲೆಯಲ್ಲಿ ಇದಕ್ಕೆ ದ್ವಿರುಕ್ತಿ ಅಂತ ಹೇಳಿಕೊಟ್ಟಿದ್ದರು, ನೆನಪಿದೆಯಾ? ‘ಹಾವು ಹಾವು’, ‘ಬೇಗ ಬೇಗ’, ‘ಬನ್ನಿ ಬನ್ನಿ’. ಹೆದರಿಕೆ, ಅವಸರ, ಸಂಭ್ರಮ, ಕೋಪ ಇದ್ದಾಗ ಕನ್ನಡದವರು ಪದವನ್ನು ಎರಡು ಸಲ ಹೇಳುತ್ತಾರೆ. ಹಾವು ಕಂಡಾಗ ಯಾರೂ ಒಂದೇ ಸಲ ‘ಹಾವು’ ಅಂತ ಹೇಳಿ ಸುಮ್ಮನಾಗುವುದಿಲ್ಲ.

ನಿಮ್ಮ ಸಹೋದ್ಯೋಗಿಯನ್ನೂ ಪೂರ್ತಿ ದೂರುವ ಹಾಗಿಲ್ಲ. ಅದು ಕೆಂಪು ಇಂಕಿನ ಅಭ್ಯಾಸ. ನಾನು ಏಳನೇ ಕ್ಲಾಸಿನಲ್ಲಿ ಬರೆದ ಒಂದು ಕತೆಯಲ್ಲಿ ‘ಹೇಳಿದನು’ ನಾಲ್ಕು ಸಲ ಬಂದಿತ್ತು ಅಂತ ಮೇಷ್ಟ್ರು ನಾಲ್ಕಕ್ಕೂ ಗೀಟು ಎಳೆದಿದ್ದರು. ಆಮೇಲೆ ಎಷ್ಟೋ ವರ್ಷ ನನ್ನ ಕತೆಗಳಲ್ಲಿ ಜನ ನುಡಿಯುತ್ತಿದ್ದರು, ಉಸುರುತ್ತಿದ್ದರು, ಅರುಹುತ್ತಿದ್ದರು, ಒಬ್ಬನಾದರೂ ಸುಮ್ನೆ ಹೇಳುತ್ತಿರಲಿಲ್ಲ. ಪತ್ರಿಕೆಯಲ್ಲಿ ಮಂತ್ರಿಗಳು ಒಂದೇ ಸುದ್ದಿಯೊಳಗೆ ‘ತಿಳಿಸಿದರು’, ‘ಅಭಿಪ್ರಾಯಪಟ್ಟರು’, ‘ಕರೆ ನೀಡಿದರು’ ಅಂತ ವೇಷ ಬದಲಿಸೋದೂ ಇದೇ ಕಾಯಿಲೆಯಿಂದ.

ಹಾಗಂತ ಪುನರುಕ್ತಿ ದೋಷ ಅನ್ನೋದು ಸುಳ್ಳಲ್ಲ. ‘ಆದರೂ ಸಹ ಕೂಡ’ ಅಂತ ಬರೆದರೆ ಅದು ದೋಷವೇ. ‘ನಡುಮಧ್ಯ’ ಕೂಡ ಹಾಗೇ, ಎರಡೂ ಪದ ಒಂದೇ ಕೆಲಸ ಮಾಡುತ್ತಿವೆ. ಸಂಸ್ಕೃತದ ದಂಡಿ ಸುಮಾರು 1300 ವರ್ಷ ಹಿಂದೆ ‘ಕಾವ್ಯಾದರ್ಶ’ದಲ್ಲಿ ಇದನ್ನು ಕಾವ್ಯದೋಷಗಳ ಪಟ್ಟಿಗೆ ಸೇರಿಸಿದ. ನಮ್ಮ ‘ಕವಿರಾಜಮಾರ್ಗ’ ಬಹಳಷ್ಟು ಆಧರಿಸಿರೋದು ಇದೇ ಪುಸ್ತಕವನ್ನು. ಆದರೆ ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ಕನಿಕರದಂಥ ಭಾವ ಉಕ್ಕಿ ಬಂದಾಗ ಅದನ್ನು ತೋರಿಸೋಕೆ ಹೇಳಿದ್ದನ್ನೇ ಹೇಳಿದರೆ ದೋಷವಲ್ಲ, ಅದೇ ಅಲಂಕಾರ ಅಂತಲೂ ಸೇರಿಸಿದ. ನಿಮ್ಮ ಸಹೋದ್ಯೋಗಿ ನಿಯಮದ ಅರ್ಧ ಮಾತ್ರ ಓದಿದ್ದಾರೆ ಅಂತ ಕಾಣುತ್ತೆ!

ಈಗ ಒಂದು ವಚನ ನೋಡೋಣ. ನೀವು ಬಾಯಿಪಾಠ ಮಾಡಿರೋದೇ.

"ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ, ಮುನಿಯಬೇಡ, ಅನ್ಯರಿಗೆ ಅಸಹ್ಯಪಡಬೇಡ, ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ. ಇದೇ ಅಂತರಂಗಶುದ್ಧಿ, ಇದೇ ಬಹಿರಂಗಶುದ್ಧಿ, ಇದೇ ನಮ್ಮ ಕೂಡಲಸಂಗಮದೇವರನೊಲಿಸುವ ಪರಿ."

ಲೆಕ್ಕ ಹಾಕಿ, ಏಳು ‘ಬೇಡ’. ಕೆಂಪು ಇಂಕಿನವರ ಕೈಗೆ ಸಿಕ್ಕಿದ್ದರೆ ಬಸವಣ್ಣನವರಿಗೂ ಗೀಟು ಬೀಳುತ್ತಿತ್ತು. ಆದರೆ ಏಳು ಸಲ ಬಂದದ್ದು ‘ಬೇಡ’ ಮಾತ್ರ, ಅದರ ಹಿಂದೆ ಇರೋದು ಪ್ರತಿ ಸಲವೂ ಹೊಸದು. ಮೊದಲು ಕಳ್ಳತನ, ಕೊಲೆ. ಅದನ್ನು ಕೇಳಿದವರು ‘ನಾನಂತೂ ಮಾಡಿಲ್ಲಪ್ಪ’ ಅಂತ ಆರಾಮಾಗಿ ಕೂತಿರುತ್ತಾರೆ. ಆಮೇಲೆ ಸುಳ್ಳು, ಸ್ವಲ್ಪ ಕಸಿವಿಸಿ. ಆಮೇಲೆ ಸಿಟ್ಟು. ಕೊನೆಗೆ ನಮ್ಮನ್ನು ನಾವೇ ಹೊಗಳಿಕೊಳ್ಳೋದು, ಬೇರೆಯವರನ್ನು ಆಡಿಕೊಳ್ಳೋದು, ಅಂದರೆ ನಾವೆಲ್ಲ ಬೆಳಿಗ್ಗೆ ಕಾಫಿ ಜೊತೆಗೇ ಶುರು ಮಾಡೋ ಕೆಲಸ. ತಪ್ಪು ಚಿಕ್ಕದಾಗುತ್ತಾ ಹೋಗುತ್ತೆ, ನಮಗೆ ಹತ್ತಿರವಾಗುತ್ತಾ ಬರುತ್ತೆ. ‘ಬೇಡ’ ಏಳು ಸಲವೂ ಅದೇ ತೂಕದಲ್ಲಿ ಬೀಳೋದರಿಂದ, ಆಡಿಕೊಳ್ಳೋದೂ ಕೊಲೆಯ ಸಾಲಿನಲ್ಲೇ ಬಂದು ನಿಲ್ಲುತ್ತೆ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ‘ಬೇಡ’ ಏಳು ಸಲವೂ ಕೊನೆಯಲ್ಲಿ ಬರುತ್ತೆ. ಕಿವಿ ಎಂಟನೆಯದಕ್ಕೆ ಕಾಯುತ್ತಿರುವಾಗ ‘ಇದೇ’ ಬರುತ್ತೆ, ಅದೂ ಮೊದಲಲ್ಲಿ, ಮೂರು ಸಲ. ಲಯ ಅಲ್ಲಿ ಮಗ್ಗುಲು ಬದಲಿಸುತ್ತೆ. ಇನ್ನೊಂದು ‘ಬೇಡ’ ಇದ್ದಿದ್ದರೆ ಬೋರ್ ಆಗುತ್ತಿತ್ತೇನೋ.

ಕೊನೆಯಲ್ಲಿ ಬರೋದು ಆಕಸ್ಮಿಕವಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಬಾಲದಲ್ಲಿರುತ್ತೆ, ಹಾಗಾಗಿ ನಮ್ಮ ಪೆಟ್ಟೂ ಬಾಲದಲ್ಲೇ. ಇಂಗ್ಲಿಷಿನಲ್ಲಿ ತಲೆಯಲ್ಲಿ ಬೀಳೋದು ಜಾಸ್ತಿ. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ‘ಐ ಹ್ಯಾವ್ ಎ ಡ್ರೀಮ್’ ಅಂತ ಎಂಟು ಸಲ ಅಂದದ್ದು ಗೊತ್ತಲ್ಲ, ಪ್ರತಿ ಸಲವೂ ಅದು ವಾಕ್ಯದ ಬಾಗಿಲಲ್ಲೇ ನಿಂತಿತ್ತು. ಅದನ್ನು ಹಾಗೇ ಎತ್ತಿಕೊಂಡು ‘ನನಗೊಂದು ಕನಸಿದೆ, ಅದೇನೆಂದರೆ’ ಅಂತ ಎಂಟು ಸಲ ಹೇಳಿ ನೋಡಿ, ವರದಿ ಒಪ್ಪಿಸಿದ ಹಾಗಿರುತ್ತೆ. ‘ಎಲ್ಲರ ಮಕ್ಕಳೂ ಒಂದೇ ಬೆಂಚಲ್ಲಿ ಕೂರುತ್ತಾರೆ ಅನ್ನೋ ಕನಸು ನನಗಿದೆ’ ಅಂತ ಬಾಲಕ್ಕೆ ತಂದರೆ ಕನ್ನಡ ಅನ್ನಿಸುತ್ತೆ. (ಆ ದಿನ ಕಿಂಗ್ ಬರೆದು ತಂದಿದ್ದ ಪ್ರತಿಯಲ್ಲಿ ಕನಸಿನ ಭಾಗ ಇರಲೇ ಇಲ್ಲ. ಎರಡು ತಿಂಗಳ ಹಿಂದೆ ಡೆಟ್ರಾಯ್ಟಿನಲ್ಲಿ ಅದನ್ನು ಹೇಳಿದ್ದರು. ನಾಲಿಗೆಗೆ ಪಳಗಿದ ಮಾತಾಗಿದ್ದರಿಂದ ಹಾಳೆ ಬಿಟ್ಟು ಹೇಳೋಕೆ ಆಯ್ತು.)

ಓದುವವರು ಮರೆತರೆ ಪುಟ ಹಿಂದಕ್ಕೆ ತಿರುವಬಹುದು. ಕೇಳುವವರಿಗೆ ಆ ಸೌಕರ್ಯ ಇಲ್ಲ. ನಿಮ್ಮ ಸಭೆಯಲ್ಲಿ ಮೈಕು ಕೀಚ್ ಅನ್ನುತ್ತೆ, ಹಿಂದೆ ಯಾರೋ ಕುರ್ಚಿ ಎಳೆಯುತ್ತಾರೆ. ಒಂದು ಸಲ ತಪ್ಪಿಹೋದದ್ದು ಇನ್ನೊಂದು ಸಲಕ್ಕಾದರೂ ಸಿಗಬೇಕಲ್ಲ. ಎರಡನೇ ಸಲ ಗುರುತು ಸಿಗುತ್ತೆ, ಮೂರನೇ ಸಲಕ್ಕೆ ಅವರೇ ಮನಸ್ಸಿನಲ್ಲಿ ನಿಮ್ಮ ಜೊತೆ ಹೇಳುತ್ತಿರುತ್ತಾರೆ.

ಪದ ಪೂರ್ತಿ ಮರುಕಳಿಸಬೇಕು ಅಂತಲೂ ಇಲ್ಲ, ಅಕ್ಷರ ಮರುಕಳಿಸಿದರೂ ಸಾಕು. 1942ರ ಆಗಸ್ಟ್ 8ರಂದು ಗಾಂಧೀಜಿ ಮುಂಬೈಯಲ್ಲಿ ಕೊಟ್ಟ ಮಂತ್ರ ಕನ್ನಡಕ್ಕೆ ‘ಮಾಡು ಇಲ್ಲವೇ ಮಡಿ’ ಅಂತ ಬಂತು. ಮ, ಡ, ಮತ್ತೆ ಮ, ಡ. ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಕೂಡಿದ್ದರೆ ನಮ್ಮಲ್ಲಿ ಎರಡು ಕೂಡಿದವು. ಅದೇ ವರ್ಷ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ತಾನೇ ಸ್ವತಂತ್ರ ಅಂತ ಸಾರಿಕೊಂಡಿತು. ಅಲ್ಲಿಯ ಘೋಷಣೆ: ‘ಏಸೂರು ಕೊಟ್ಟರೂ ಈಸೂರು ಕೊಡೆವು.’ ಏಸೂರು ಅಂದರೆ ಎಷ್ಟು ಊರು. ಏ ಹೋಗಿ ಈ ಬಂದಿದೆ, ‘ಕೊಟ್ಟರೂ’ ಹೋಗಿ ‘ಕೊಡೆವು’ ಬಂದಿದೆ, ನಾಲ್ಕೇ ಪದ. ‘ಎಷ್ಟೇ ಗ್ರಾಮಗಳನ್ನು ನೀಡಿದರೂ ನಮ್ಮೂರನ್ನು ಬಿಟ್ಟುಕೊಡುವುದಿಲ್ಲ’ ಅಂದರೂ ಅರ್ಥ ಅದೇ. ಆದರೆ ಅದನ್ನು ಕೂಗಿಕೊಂಡು ಯಾರು ಮೆರವಣಿಗೆ ಹೋಗುತ್ತಾರೆ? ಮುಂದಿನ ವರ್ಷ ಆ ಊರಿನ ಐವರನ್ನು ಗಲ್ಲಿಗೇರಿಸಿದರು. ಘೋಷಣೆ ಇವತ್ತಿಗೂ ಜನರ ಬಾಯಲ್ಲಿದೆ.

ಎಷ್ಟು ಸಲ ಹೇಳಬಹುದು ಅಂತ ಕೇಳುತ್ತೀರಿ. ಮೂರು ಅಂತ ಎಲ್ಲರೂ ಹೇಳುತ್ತಾರೆ, ನನಗೆ ಆ ಲೆಕ್ಕದಲ್ಲಿ ನಂಬಿಕೆ ಇಲ್ಲ. ಏಳು ಆಯ್ತು, ಎಂಟೂ ಆಯ್ತು, ಈಗಷ್ಟೇ ನೋಡಿದೆವು. ಹೊಸದು ಹೇಳೋಕೆ ಇರೋ ತನಕ ಹೇಳಿ. ‘ಅವರು ತುಂಬಾ ಒಳ್ಳೆಯವರು, ಬಹಳ ಒಳ್ಳೆಯವರು’ ಅಂದರೆ ಎರಡನೆಯದಕ್ಕೇ ಜನ ಮೊಬೈಲ್ ತೆಗೆಯುತ್ತಾರೆ.

ನಿಮ್ಮ ಅಟೆಂಡರ್ ಬಗ್ಗೆ ನನಗೇನೂ ಗೊತ್ತಿಲ್ಲ. ಸುಮ್ನೆ ಊಹಿಸಿಕೊಂಡು ಒಂದು ಮಾದರಿ ಬರೆಯುತ್ತೇನೆ, ನೀವು ನಿಮ್ಮ ವಿವರ ತುಂಬಿಕೊಳ್ಳಿ:

"ಜೋರು ಮಳೆ ಬಂದ ದಿನವೂ ಎಂಟೂವರೆಗೆ ಗೇಟು ತೆಗೆದಿತ್ತು. ಬಂದ್ ದಿನ, ಬಸ್ಸಿಲ್ಲದೆ ನಾವೆಲ್ಲ ತಡವಾಗಿ ಬಂದಾಗಲೂ ಗೇಟು ತೆಗೆದಿತ್ತು. ಮಗಳ ಮದುವೆಯ ಮಾರನೇ ದಿನ, ಕೈಯಲ್ಲಿ ಇನ್ನೂ ಕಂಕಣ ಇರುವಾಗಲೂ ಗೇಟು ತೆಗೆದಿತ್ತು. ನಾಳೆ ಎಂಟೂವರೆಗೆ ನಾವು ಬರುತ್ತೇವೆ. ಗೇಟು ಯಾರು ತೆಗೀತಾರೆ?"

ಇಲ್ಲಿ ಒಂದು ಗುಟುಕು ನೀರು ಕುಡಿಯಿರಿ. ಆಮೇಲೆ ಹಾರ ತರಿಸಿ.