ತಕಧಿಮಿ ನಡೆಯುವ ಕುದುರೆ

"ಅಕ್ಕಾ, ಲಗಾಮು ಎಳೀಬೇಡಿ. ಸೊಂಟ ಸಡಿಲ ಬಿಡಿ, ಸಾಕು," ಎಂದ ಸವಾರಿ ಕಲಿಸುವ ಹುಡುಗ.

ತುಮಕೂರಿನ ಹೊರಗೆ, ದೇವರಾಯನದುರ್ಗದ ಬೆಟ್ಟ ಕಾಣುವ ಒಂದು ತೋಟ. ಕುದುರೆ ಸವಾರಿಯ ಮೂರನೇ ಪಾಠ. ಮೊದಲೆರಡು ಪಾಠ ಬೇರೆ ಕುದುರೆಯ ಮೇಲೆ ಆಗಿತ್ತು. ಅದು ಕುಕ್ಕುಲೋಟಕ್ಕೆ ಇಳಿದರೆ ಜೀನಿನ ಮೇಲೆ ಎಗರೆಗರಿ ಬೀಳುತ್ತಿದ್ದೆ. ಇವತ್ತು ಸಿಕ್ಕಿದ್ದು ಮಾರ್ವಾಡಿ ತಳಿಯ ಹೆಣ್ಣು ಕುದುರೆ. ಕಿವಿಗಳು ಒಳಗೆ ಬಾಗಿ ತುದಿಗಳು ಒಂದಕ್ಕೊಂದು ತಾಗುತ್ತವೆ. ಸ್ವಲ್ಪ ವೇಗ ಹೆಚ್ಚಿಸಿತು. ಎಗರಾಟವೇ ಇಲ್ಲ! ನೆಲ ಜಾರಿಕೊಂಡು ಹೋಗುತ್ತಿತ್ತು, ನಾನು ಮಾತ್ರ ಕೂತಲ್ಲೇ ಕೂತಿದ್ದೆ.

ವ್ಯತ್ಯಾಸ ಇರುವುದು ಗೊರಸಿನ ತಾಳದಲ್ಲಿ. ಕುಕ್ಕುಲೋಟದಲ್ಲಿ ಎಡ ಹಿಂಗಾಲು, ಬಲ ಮುಂಗಾಲು ಜೊತೆಗೆ ಬೀಳುತ್ತವೆ. ಆಮೇಲೆ ಇನ್ನೊಂದು ಜೋಡಿ. ಟಕ್, ಟಕ್, ಎರಡೇ ಪೆಟ್ಟು. ಒಂದು ಜೋಡಿಯಿಂದ ಇನ್ನೊಂದಕ್ಕೆ ದಾಟುವಾಗ ನಾಲ್ಕೂ ಕಾಲು ಕ್ಷಣಕಾಲ ಗಾಳಿಯಲ್ಲಿರುತ್ತವೆ. ಕುದುರೆಯ ಮೈ ಮೇಲೆದ್ದು ಕೆಳಗೆ ಬೀಳುತ್ತದೆ, ಜೊತೆಗೆ ನಾವೂ. ಅದಕ್ಕೇ ಸವಾರರು ತಾಳಕ್ಕೆ ಸರಿಯಾಗಿ ರಿಕಾಬಿನ ಮೇಲೆ ಎದ್ದು ಕೂರುವುದನ್ನು ಕಲಿಯುತ್ತಾರೆ. ಜಟಕಾ ಎಳೆಯಲು ಈ ಓಟ ಚೆನ್ನ. ಬೆನ್ನ ಮೇಲೆ ಕೂತವರಿಗೆ ಕಷ್ಟ.

ನನ್ನ ಮಾರ್ವಾಡಿಯದು ರೇವಾಲ್ ನಡೆ. ಕಾಲುಗಳು ಒಂದೊಂದಾಗಿ ಬೀಳುತ್ತವೆ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ತ-ಕ-ಧಿ-ಮಿ. ಕಾಲಿಡುವ ಕ್ರಮ ಸಾಮಾನ್ಯ ನಡಿಗೆಯದ್ದೇ, ವೇಗ ಮಾತ್ರ ಜಾಸ್ತಿ. ಯಾವಾಗಲೂ ಒಂದಾದರೂ ಕಾಲು ನೆಲದ ಮೇಲಿದ್ದು ಭಾರ ಹೊರುತ್ತದೆ. ಹಾರಿಕೆಯೇ ಇಲ್ಲದ ಮೇಲೆ ಬೀಳುವುದೆಲ್ಲಿ? ಐಸ್‌ಲ್ಯಾಂಡ್ ಕುದುರೆಗಳ ಇಂಥದೇ ನಡೆಗೆ ಟೋಲ್ಟ್ ಅನ್ನುತ್ತಾರೆ. ಅಲ್ಲಿನ ಸವಾರರು ತುಂಬಿದ ಲೋಟ ಕೈಯಲ್ಲಿ ಹಿಡಿದು, ಚೆಲ್ಲದೆ ಓಡಿಸಿ ತೋರಿಸುತ್ತಾರೆ.

ಆದರೆ ಎಲ್ಲ ಕುದುರೆಗೂ ಈ ನಡೆ ಬರುವುದಿಲ್ಲ. ನಮ್ಮ ಜಿಲ್ಲೆಯದ್ದೇ ಆದ ಕುಣಿಗಲ್ ಕುದುರೆ ಫಾರಂ ಟಿಪ್ಪು ಕಾಲದಿಂದ ಹೆಸರಾದದ್ದು. ಅಲ್ಲಿ ಬೆಳೆಸಿದ ಥರೋಬ್ರೆಡ್‌ಗಳು ರೇಸಿಗೆ ಹೇಳಿ ಮಾಡಿಸಿದವು, ನಾಗಾಲೋಟ ಅವುಗಳ ರಕ್ತದಲ್ಲಿದೆ. ಟೋಲ್ಟ್‌ನಂಥ ನಡೆಯನ್ನು ಅವುಗಳಿಂದ ಬಯಸುವುದು ಸರಿಯಲ್ಲ.

ಯಾಕೆ ಹೀಗೆ? ಐಸ್‌ಲ್ಯಾಂಡ್ ಕುದುರೆಗಳ ವಿಷಯದಲ್ಲಿ ಉತ್ತರ ಬೆನ್ನುಹುರಿಯಲ್ಲಿ ಸಿಕ್ಕಿತು. ಯಾವ ಕಾಲು ಯಾವಾಗ ಎತ್ತಬೇಕು ಎಂದು ಕುದುರೆ ಪ್ರತಿ ಹೆಜ್ಜೆಗೂ ಯೋಚಿಸುವುದಿಲ್ಲ. ಬೆನ್ನುಹುರಿಯ ನರಕೋಶಗಳ ಜಾಲವೇ ತಾಳ ಹಾಕುತ್ತದೆ. 2012ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು 70 ಐಸ್‌ಲ್ಯಾಂಡ್ ಕುದುರೆಗಳ ಡಿಎನ್‌ಎ ಹೋಲಿಸಿ ನೋಡಿದರು. ಡಿಎಂಆರ್‌ಟಿ3 ಎಂಬ ವಂಶವಾಹಿಯ ಡಿಎನ್‌ಎ ಬರಹದಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಅದರಿಂದ ಆ ವಂಶವಾಹಿಯ ಪ್ರೊಟೀನು ಪೂರ್ತಿಯಾಗುವ ಮೊದಲೇ ಮೊಟಕಾಗುತ್ತದೆ. ಎಡ-ಬಲ ಕಾಲುಗಳನ್ನು, ಮುಂದಿನ-ಹಿಂದಿನ ಕಾಲುಗಳನ್ನು ಹೊಂದಿಸುವ ನರಕೋಶಗಳಲ್ಲೇ ಈ ವಂಶವಾಹಿ ಕೆಲಸ ಮಾಡುತ್ತದೆ. ಬದಲಾದ ವಂಶವಾಹಿ ತಂದೆ-ತಾಯಿ ಇಬ್ಬರಿಂದಲೂ ಬಂದ ಕುದುರೆ ಸಾಮಾನ್ಯವಾಗಿ ಐದು ನಡೆ ಬಲ್ಲದು: ಟೋಲ್ಟ್ ಅಲ್ಲದೆ ಒಂದು ಬದಿಯ ಎರಡೂ ಕಾಲು ಒಟ್ಟಿಗೆ ಹಾಕಿ ಓಡುವ ನಡೆಯೂ ಬರುತ್ತದೆ. ನಾಗಾಲೋಟಕ್ಕೆ ಬದಲಾಗುವುದು ಮಾತ್ರ ಇಂಥ ಕುದುರೆಗಳಿಗೆ ಸ್ವಲ್ಪ ಕಷ್ಟ.

ಒಂದು ಅಕ್ಷರ! ಯೋಚಿಸಿದಷ್ಟೂ ನನಗೆ ಬೆರಗು. ಹಳೆಯ ಎಲುಬುಗಳ ಡಿಎನ್‌ಎ ಪರೀಕ್ಷೆಯಲ್ಲಿ ಈ ಬದಲಾವಣೆ ಮೊದಲು ಕಂಡದ್ದು 9ನೇ ಶತಮಾನದ ಇಂಗ್ಲೆಂಡಿನ ಕುದುರೆಗಳಲ್ಲಿ. ಗಾಡಿರಸ್ತೆಗಳು ಕಡಿಮೆ ಇದ್ದ ಕಾಲದಲ್ಲಿ ದಿನಗಟ್ಟಲೆ ಜೀನಿನ ಮೇಲೆ ಕೂರುತ್ತಿದ್ದ ಜನ ಇಂಥ ಕುದುರೆಯನ್ನು ಬಿಟ್ಟಾರೆಯೇ?

ಪಾಠದ ಕೊನೆಯ ಸುತ್ತಿನಲ್ಲಿ ಹುಡುಗ ಹೇಳಿದ, "ಕಣ್ಣು ಮುಚ್ಕೊಳ್ಳಿ ಅಕ್ಕಾ, ಹಗ್ಗ ನನ್ನ ಕೈಲಿದೆ." ಮುಚ್ಚಿದೆ. ಮೊದಲು ಎಲ್ಲ ಕಲಸಿಹೋದಂತೆ ಇತ್ತು. ನಿಧಾನಕ್ಕೆ ಸೊಂಟದ ಎಡಭಾಗ ಸ್ವಲ್ಪ ತಗ್ಗಿತು, ಆಮೇಲೆ ಬಲಭಾಗ. ಹಿಂಗಾಲುಗಳು ಸಿಕ್ಕವು. ಮುಂಗಾಲುಗಳನ್ನು ಕಿವಿಯಿಂದ ಹಿಡಿದೆ. ತ-ಕ-ಧಿ-ಮಿ, ನಾಲ್ಕೂ ಬಿಡಿಬಿಡಿಯಾಗಿ, ಒಣಗಿದ ಕೆಂಪು ಮಣ್ಣಿನ ಮೇಲೆ.